ಇಳಿದು ನೋಡಿದ ಕಾರು

ದಾವಣಗೆರೆಯ ಅಕ್ಕಿ ಗಿರಣಿ ಮಾಲೀಕ ಚನ್ನವೀರಪ್ಪನಿಗೆ ಮೂರು ದಿನದಿಂದ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಎರಡು ಸ್ಪೋರ್ಟ್ಸ್ ಕಾರುಗಳನ್ನು ಓಡಿಸಿ ನೋಡಿದ್ದ. ಕೆಂಪೂ ಬಾಣದಂತೆ ಹೋಗುತ್ತಿತ್ತು, ನೀಲಿಯೂ ಬಾಣದಂತೆ ಹೋಗುತ್ತಿತ್ತು. ಬೆಳಿಗ್ಗೆ ಕೆಂಪು ಎನ್ನುತ್ತಿದ್ದವನು ಊಟದ ಹೊತ್ತಿಗೆ ನೀಲಿ ಎನ್ನುತ್ತಿದ್ದ. ಕೊನೆಗೆ ಡ್ರೈವರ್ ದಾದಾಪೀರನನ್ನು ಕರೆದ.

“ಯಾವುದು ತಗೊಳ್ಳಲಿ, ನೀನೇ ಹೇಳು. ತಪ್ಪು ಹೇಳಿದರೆ ಮನೆಗೆ ನಡಿ. ಹೇಗೂ ಇನ್ನು ನಾನೇ ಓಡಿಸೋದು.”

ದಾದಾಪೀರನಿಗೆ ಅರ್ಥವಾಯಿತು: ಯಾವ ಬಣ್ಣ ಹೇಳಿದರೂ ಕೆಲಸ ಹೋಗುವುದೇ. ಸ್ವಲ್ಪ ಯೋಚಿಸಿ ಹೇಳಿದ: “ಧಣಿ, ಶೋರೂಮಿನವರು ಕೈ ಹಿಡಿದು ಇಳಿಸಿದರು. ಗಿರಣಿ ಮುಂದೆ ಒಬ್ಬರೇ ಇಳಿದು ನೋಡಿ.”

“ಇಳಿಯೋದರಲ್ಲಿ ಏನಿದೆಯೋ?”

ಎರಡೂ ಕಾರು ಗಿರಣಿ ಮುಂದೆ ಬಂದವು. ಕೆಂಪು ಕಾರು ನೆಲಕ್ಕೆ ಅಂಟಿದಂತಿತ್ತು. ಧಣಿ ಒಂದು ಕಾಲು ಹೊರಗಿಟ್ಟ. ಹೊಟ್ಟೆ ಸ್ಟೀರಿಂಗಿಗೆ ಸಿಕ್ಕಿಕೊಂಡಿತು. ಹಮಾಲರು ಮೂಟೆ ಇಳಿಸಿ ನೋಡತೊಡಗಿದರು. ಇಬ್ಬರು ಬಂದು ಎಳೆದ ಮೇಲೆ ಹೊರಬಂದ. ನೀಲಿಯಲ್ಲೂ ಒಬ್ಬನೇ ಏಳಲಾಗಲಿಲ್ಲ. ಆದರೆ ದಾದಾಪೀರ ಕೈ ಕೊಟ್ಟಿದ್ದೇ ಧಣಿ ಎದ್ದು ನಿಂತ.

“ಈಗ ಹೇಳು,” ಎಂದ, ಬೆವರು ಒರೆಸುತ್ತಾ.

“ಕೆಂಪಿಗೆ ಇಬ್ಬರು ಬೇಕು ಧಣಿ. ನೀಲಿಗೆ ನಾನೊಬ್ಬ ಸಾಕು.”

ಹಮಾಲರು ಗೊಳ್ಳೆಂದು ನಕ್ಕರು. ಚನ್ನವೀರಪ್ಪ ಅವರತ್ತ ಕಣ್ಣು ಕೆಕ್ಕರಿಸಿದ. ಆಮೇಲೆ ದಾದಾಪೀರನ ಕಿವಿಯ ಹತ್ತಿರ ಬಗ್ಗಿ, “ನೀಲಿನೇ ಇರಲಿ. ನಾಳೆಯಿಂದ ಪಕ್ಕದ ಸೀಟಿನಲ್ಲಿ ಕೂತ್ಕೋ,” ಎಂದ.