ಹೆಜ್ಜೇನಿನ ಬಂಡೆಯ ಕೆಳಗೆ

"ಗುರುಗಳೇ, ನಾನು ಹುಟ್ಟಾ ಅಂಜುಬುರುಕ. ಅಂಜುವವನಿಂದ ಇನ್ನೊಬ್ಬರಿಗೆ ಏನಾದರೂ ಉಪಕಾರವಾದೀತೇ?" ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳತೊಡಗಿದರು.

ಒಂದು ಊರಿನ ಹೊರಗೆ ಕಲ್ಲುಗಣಿ. ಅದರ ಪಕ್ಕದಲ್ಲಿ ಬಡವರ ಕೇರಿ. ಅಲ್ಲಿ ಜಲ್ಲಿ ಒಡೆದು ಬದುಕುವ ಒಬ್ಬ ಹೆಂಗಸಿದ್ದಳು. ಗಂಡನಿಗೂ ಅದೇ ಗಣಿಯಲ್ಲಿ ಕೂಲಿ. ಒಂದು ದಿನ ಮೇಲಿನ ಬಂಡೆ ಸಡಿಲಿತು. ಪುಡಿಗಲ್ಲು ಉದುರುವುದನ್ನು ಮೊದಲು ಕಂಡವಳು ಅವಳೇ. ಕಂಡವಳು ಓಡಿದಳು. ಓಡಿ, ನಿಂತು, ತಿರುಗಿ ನೋಡುವಷ್ಟರಲ್ಲಿ ಗಂಡ ನಿಂತಿದ್ದ ಜಾಗದಲ್ಲಿ ಬಂಡೆ ಕೂತಿತ್ತು.

ಅಂದಿನಿಂದ ಅವಳೊಳಗೆ ಭಯ ಮನೆ ಮಾಡಿತು. ಪಕ್ಕದ ಮನೆಯಲ್ಲಿ ಪಾತ್ರೆ ಬಿದ್ದರೂ ಎದೆ ಹೊಡೆದುಕೊಳ್ಳುತ್ತಿತ್ತು. ಸುತ್ತಿಗೆ ಎತ್ತಿದರೆ ಏಟು ಕಲ್ಲಿಗಲ್ಲ, ಬೆರಳಿಗೆ ಬೀಳುತ್ತಿತ್ತು. ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಹಗಲಲ್ಲೂ ಕದ ಹಾಕಿಕೊಂಡು ಮೂಲೆಯಲ್ಲಿ ಕೂರತೊಡಗಿದಳು. ಗಂಡನನ್ನು ಬಿಟ್ಟು ಓಡಿದವಳು ಎಂದು ಯಾರೂ ಅನ್ನಲಿಲ್ಲ. ಇಂದಲ್ಲ ನಾಳೆ ಅನ್ನುತ್ತಾರೆ ಎಂದು ಅವಳು ಕಾಯುತ್ತಿದ್ದಳು.

ಆ ಕೇರಿಗೆ ಒಬ್ಬ ನಾಟಿ ವೈದ್ಯ ಬರುತ್ತಿದ್ದ. ದುಡಿದು ದುಡಿದು ಮೈ ಬಿದ್ದವರು, ಹೆಂಡಕ್ಕೆ ಬಿದ್ದವರು, ಯಾರೊಂದಿಗೂ ಮಾತೇ ಬಿಟ್ಟವರು, ಕೇರಿಯ ತುಂಬ ಇಂಥವರೇ ಇದ್ದರು. ಅವರಿಗೆ ಕೊಡಲು ಅವನ ಚೀಲದಲ್ಲಿ ಬೇರು ಇರಲಿಲ್ಲ. ಗಣಿಗೆ ರಜೆ ಇರುವ ಸೋಮವಾರ ಬೆಳಿಗ್ಗೆ ಎಲ್ಲರೂ ಕೂಡಿ ಊರ ಹಿಂದಿನ ಗುಡ್ಡ ಹತ್ತಬೇಕು, ಮೇಲೆ ಕೂತು ಬುತ್ತಿ ಉಣ್ಣಬೇಕು, ಇಳಿಯಬೇಕು. ಅಷ್ಟೇ ಔಷಧ ಎಂದ. ಕೇರಿ ನಕ್ಕಿತು. ಆದರೂ ಹತ್ತು ಹದಿನೈದು ಮಂದಿ ಹೊರಟರು.

ವೈದ್ಯ ಆ ಹೆಂಗಸಿನ ಕದ ತಟ್ಟಿದ.

"ನನಗೆ ಬಂಡೆ ಕಂಡರೆ ಭಯ, ಪಂಡಿತರೇ" ಎಂದಳು ಒಳಗಿನಿಂದಲೇ.

"ಭಯ ಬಿಟ್ಟು ಬಾ ಎಂದು ನಾನೆಲ್ಲಿ ಹೇಳಿದೆ, ತಾಯಿ? ಬುತ್ತಿ ಕಟ್ಟಿಕೊಂಡು ಬಾ ಎಂದೆ."

ಮೊದಲ ವಾರ ಅವಳು ಗುಡ್ಡದ ಬುಡ ಮುಟ್ಟಿ ತಿರುಗಿ ಬಂದಳು. ಮರುವಾರ ನಾಲ್ಕು ಮೆಟ್ಟಿಲಿನಷ್ಟು ಹತ್ತಿದಳು. ಎಲ್ಲರಿಗಿಂತ ಹಿಂದೆ ಮೊಣಕಾಲು ಕೆಟ್ಟ ಒಬ್ಬ ಹಮಾಲಿ ಬರುತ್ತಿದ್ದ. ಮೂವತ್ತು ವರ್ಷ ಮೂಟೆ ಹೊತ್ತು ಕಾಲು ಕಳೆದುಕೊಂಡವನು. ಅವಳು ಅವನ ಜೊತೆಗೇ ನಡೆಯುತ್ತಿದ್ದಳು. ಅವನು ಏನನ್ನೂ ಕೇಳುತ್ತಿರಲಿಲ್ಲ, ಅದೇ ಅವಳಿಗೆ ಹಿತವಾಗಿತ್ತು. ಆರನೆಯ ವಾರ ಅವಳು ನೆತ್ತಿ ಮುಟ್ಟಿದಳು. ಅಲ್ಲಿ ಕೂತು ಎರಡು ರೊಟ್ಟಿ ತಿಂದಳು. ಅಂದು ಮನೆಗೆ ಬಂದು ಮಲಗಿದವಳಿಗೆ ನಿದ್ದೆ ಬಂತು. ಬೆಳಿಗ್ಗೆ ಎದ್ದಾಗ ಭಯವೂ ಅವಳ ಜೊತೆಗೇ ಎದ್ದಿತು.

ಗುಡ್ಡದ ನಡುವೆ ಒಂದು ಚಾಚುಬಂಡೆ. ಚಳಿಗಾಲದಲ್ಲಿ ಅದರ ಕೆಳಗೆ ಹೆಜ್ಜೇನು ಕಟ್ಟಿತು. ಎಮ್ಮೆಯ ಚರ್ಮ ತೂಗುಹಾಕಿದಂತೆ ಕಪ್ಪಗೆ ಏಳು ಜೇನುಹುಟ್ಟು. ದಾರಿ ಇದ್ದದ್ದು ಅದರ ಅಡಿಯಲ್ಲೇ. "ಎಲ್ಲರೂ ಕಂಬಳಿ ತನ್ನಿ. ಸದ್ದು ಮಾಡದೆ ದಾಟಿ. ಹುಳು ಎದ್ದರೆ ಓಡಬಲ್ಲವರು ಪೊದೆಗೆ ಓಡಿ. ಆಗದವರು ಕಂಬಳಿ ಹೊದ್ದು ಅಲುಗದೆ ಬೀಳಿ" ಎಂದು ವೈದ್ಯ ಹೇಳಿದ್ದ. ಅವಳು ಬಂಡೆಯನ್ನು ನೋಡದೆ, ಉಸಿರು ಬಿಗಿಹಿಡಿದು, ನೆಲ ನೋಡಿಕೊಂಡು ದಾಟುತ್ತಿದ್ದಳು.

ಒಂದು ಸೋಮವಾರ, ಉಳಿದವರೆಲ್ಲ ಆಚೆ ದಾಟಿದ್ದರು. ಅವಳೂ ಹಮಾಲಿಯೂ ಬಂಡೆಯ ಕೆಳಗಿದ್ದರು. ಎಲ್ಲಿಂದಲೋ ಒಂದು ಗಿಡುಗ ಬಂದು ಹುಟ್ಟಿಗೆ ಎರಗಿ, ತುಂಡು ಕಿತ್ತುಕೊಂಡು ಹಾರಿತು.

ಮೊದಲು ಒಂದು ಗುಂಯ್ಗುಟ್ಟುವಿಕೆ. ಆಮೇಲೆ ಬಂಡೆಯೇ ಗುಡುಗಿದ ಹಾಗಾಯಿತು. ಮುಂದಿದ್ದವರು ಕೂಗುತ್ತ ಚೆಲ್ಲಾಪಿಲ್ಲಿಯಾಗಿ ಓಡಿದರು. ಹಮಾಲಿಯ ಭಾರ ಇಳಿಯಲೆಂದು ಅವನ ಕಂಬಳಿಯನ್ನು ಯಾರೋ ಹೊತ್ತಿದ್ದರು. ಅದೂ ಅವರ ಹೆಗಲ ಮೇಲೆಯೇ ಹೋಯಿತು. ಅವಳಿಗೂ ಓಡಬೇಕೆನಿಸಿತು. ಅವಳ ಮೈಯಲ್ಲಿ ಬೇರೆ ಯೋಚನೆಯೇ ಇರಲಿಲ್ಲ. ಆದರೆ ಕಾಲು ಬರಲಿಲ್ಲ. ಕುಸಿದಳು. ಪಕ್ಕದಲ್ಲಿ ಹಮಾಲಿ ಬಿದ್ದ. ಅವಳ ಹೆಗಲಿನ ಕಂಬಳಿ ಇಬ್ಬರ ಮೇಲೂ ಬಿತ್ತು.

ಕಂಬಳಿ ಹಳೆಯದು, ಒಬ್ಬರಿಗೆ ಆಗುವಂಥದು. ಅವನ ತಲೆಯ ಕಡೆಯ ಅಂಚು ಗಾಳಿಗೆ ಏಳುತ್ತಿತ್ತು. ಅವಳು ಎಡಗೈ ಹೊರಗೆ ಚಾಚಿ ಆ ಅಂಚನ್ನು ನೆಲಕ್ಕೆ ಒತ್ತಿ ಹಿಡಿದಳು. ಹುಳುಗಳು ಆ ಕೈಗೆ ಮುತ್ತಿದವು. ಕೆಂಡದಲ್ಲಿಟ್ಟ ಹಾಗೆ ಉರಿಯಿತು. ಒಳಗೆ ಕತ್ತಲು. ಯಾರು ನಡುಗುತ್ತಿರುವುದು, ತಾನೋ ಅವನೋ, ತಿಳಿಯಲಿಲ್ಲ. ಸತ್ತೆ, ಈಗ ಸತ್ತೆ ಎಂದುಕೊಳ್ಳುತ್ತಲೇ ಇದ್ದಳು. ಗದ್ದಲ ಅಡಗುವವರೆಗೂ ಕೈ ಅಲ್ಲೇ ಇತ್ತು.

ವೈದ್ಯ ಮುಳ್ಳು ಕೀಳಲು ಕೂತಾಗ ಕೈ ಒನಕೆಯಂತೆ ಊದಿತ್ತು. ಓಡಿದವರೆಲ್ಲ ಬಂದು ಸುತ್ತ ನಿಂತರು. "ಎಂಥ ಗಟ್ಟಿಗಿತ್ತಿ!" ಎಂದರು.

ಅವಳಿಗೆ ಅಳು ಒತ್ತರಿಸಿ ಬಂತು. "ಗಟ್ಟಿಗಿತ್ತಿ ಅನ್ನಬೇಡಿ. ಕಾಲು ಬಂದಿದ್ದರೆ ಓಡುತ್ತಿದ್ದೆ. ಅವತ್ತೂ ಓಡಿದ್ದೆ" ಎಂದಳು.

ಅವರ ನಡುವಿನಿಂದ ಪೊರಕೆ ಮಾರುವ ಒಬ್ಬ ಮುದುಕಿ ಬಂದು ಅವಳ ಮಗ್ಗುಲಿಗೆ ಕೂತಳು. "ಇವತ್ತು ನಾವೆಲ್ಲ ಓಡಿದೆವಲ್ಲ, ಮಗಳೇ" ಎಂದಳು.

ನಾಲ್ಕು ದಿನ ಅವಳಿಗೆ ಜ್ವರ. ಜ್ವರ ಇಳಿದ ಮೇಲೆ ಮತ್ತೆ ಕದ ಹಾಕಿಕೊಂಡಳು. ಕಣ್ಣು ಮುಚ್ಚಿದರೆ ಆ ಗುಂಯ್ಗುಟ್ಟುವಿಕೆ. ಸೋಮವಾರ ಬೆಳಿಗ್ಗೆ ಹೊರಗೆ ಕೋಲಿನ ಸದ್ದಾಯಿತು. ಹಮಾಲಿ ಬಂದು ನಿಂತಿದ್ದ.

"ಅಕ್ಕಾ, ಇವತ್ತು ಗುಡ್ಡದ ಆ ಮಗ್ಗುಲಿನಿಂದ ಹತ್ತುತ್ತಾರಂತೆ. ಒಬ್ಬನೇ ಹೋಗಲು ನನಗೆ ಭಯ. ನೀನು ಬಂದರೆ ಹೋಗುತ್ತೇನೆ" ಎಂದ.

ಅವಳು ಬಹಳ ಹೊತ್ತು ಕದದ ಹಿಂದೆ ನಿಂತಿದ್ದಳು. ಆಮೇಲೆ ಒಂದೇ ಕೈಯಲ್ಲಿ ಬುತ್ತಿ ಕಟ್ಟಿದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಆದರೆ ಅವಳು ಧೈರ್ಯದಿಂದ ಉಳಿದದ್ದಲ್ಲವಲ್ಲ, ಗುರುಗಳೇ. ಭಯಕ್ಕೆ ಕಾಲು ಬಾರದೆ ಬಿದ್ದದ್ದು. ಅವಳೇ ಹಾಗೆಂದಳಲ್ಲ?"

"ಕಾಲು ಭಯಕ್ಕೆ ನಿಂತಿತು, ಒಪ್ಪಿದೆ. ಆದರೆ ಆ ಕೈಯನ್ನು ಒಳಗೆ ಎಳೆದುಕೊಳ್ಳದಂತೆ ಹಿಡಿದದ್ದು ಯಾವುದು, ನೀನೇ ಹೇಳು" ಎಂದರು ಗುರುಗಳು.