ಹೊನ್ನೂರಮ್ಮ ಕೇಳಿದ ಮಾತು

"ಗುರುಗಳೇ, ನನ್ನ ತಂದೆಗೆ ಇನ್ನು ಹೆಚ್ಚು ದಿನವಿಲ್ಲವೆಂದು ವೈದ್ಯರು ನನಗೆ ಹೇಳಿದ್ದಾರೆ. ತಂದೆಗೆ ಹೇಳಿಲ್ಲ. ಅವರು ಹೆದರಿಯಾರೆಂದು ನಾನೂ ಮುಚ್ಚಿಟ್ಟಿದ್ದೇನೆ. ಇದು ದಯೆ ತಾನೆ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಕಂಬಳಿ ನೇಯುವ ಮನೆಯಲ್ಲಿ ಹೊನ್ನೂರಮ್ಮ ಎಂಬ ಮುದುಕಿಯಿದ್ದಳು. ಎಂಬತ್ತು ದಾಟಿತ್ತು. ಕೈ ನಡುಗಲು ಶುರುವಾದ ವರ್ಷವೇ ಮಗ್ಗವನ್ನು ಸೊಸೆಗೆ ಬಿಟ್ಟುಕೊಟ್ಟಿದ್ದಳು. ಒಂದು ಮಾಗಿಯಲ್ಲಿ ಅವಳಿಗೆ ಊಟ ಸೇರದಾಯಿತು. ಕಾಲು ಬಾತುಕೊಂಡವು. ಹಗಲೂ ನಿದ್ದೆ. ಮಗ ಓಬಯ್ಯ ವೈದ್ಯನನ್ನು ಕರೆತಂದ.

ವೈದ್ಯ ನಾಡಿ ನೋಡಿದ, ಉಗುರು ನೋಡಿದ. ಆಮೇಲೆ ಓಬಯ್ಯನನ್ನು ಹಿತ್ತಲಿಗೆ ಕರೆದು ಹೇಳಿದ: "ಬಲವಂತವಾಗಿ ಉಣ್ಣಿಸಬೇಡ. ಊಟ ಬಿಟ್ಟಿದ್ದಕ್ಕೆ ದೇಹ ಸೋತಿಲ್ಲ. ದೇಹ ತನ್ನ ಕೆಲಸ ಮುಗಿಸುತ್ತಿದೆ, ಅದಕ್ಕೇ ಊಟ ಬೇಡ ಅನ್ನುತ್ತಿದೆ. ಇದು ವಯಸ್ಸು, ಇದಕ್ಕೆ ಮದ್ದಿಲ್ಲ. ಹೆಚ್ಚೆಂದರೆ ಹತ್ತು ಹನ್ನೆರಡು ದಿನ."

ಓಬಯ್ಯ ವೈದ್ಯನ ಕೈ ಹಿಡಿದುಕೊಂಡ. "ಅವ್ವನ ಮುಂದೆ ಮಾತ್ರ ಈ ಮಾತು ಎತ್ತಬೇಡಿ. ಕೇಳಿದರೆ ಎದೆಯೊಡೆದುಕೊಳ್ಳುತ್ತಾಳೆ."

ವೈದ್ಯ ಒಪ್ಪಿದ. ಮನೆಯವರೆಲ್ಲ ಬಾಯಿ ಕಟ್ಟಿಕೊಂಡರು. ನೋಡಲು ಬಂದ ನೆರೆಯವರಿಗೂ ಬಾಗಿಲಲ್ಲೇ ಎಚ್ಚರ ಹೇಳಿ ಒಳಗೆ ಬಿಡುತ್ತಿದ್ದರು.

ಎರಡು ದಿನ ಬಿಟ್ಟು ವೈದ್ಯ ಮತ್ತೆ ಬಂದ. ಮುದುಕಿ ಎಚ್ಚರವಾಗಿದ್ದಳು. ಅವನ ಮುಖವನ್ನೇ ನೋಡುತ್ತ ಕೇಳಿದಳು: "ನಿಜ ಹೇಳಪ್ಪ. ನಾನು ಹೊರಡುವ ಹೊತ್ತಾಯಿತೇ?"

ವೈದ್ಯ ಬಾಗಿಲ ಕಡೆ ನೋಡಿದ. ಅಲ್ಲಿ ನಿಂತಿದ್ದ ಓಬಯ್ಯ ಬೇಡವೆಂದು ಕೈಯಾಡಿಸಿದ.

"ಎಲ್ಲಿಗೆ ಹೊರಡುತ್ತೀ ತಾಯಿ? ಯುಗಾದಿಗೆ ನಿನ್ನ ಕೈಯಿಂದಲೇ ಹೋಳಿಗೆ ಬಡಿಸಿಕೊಳ್ಳುತ್ತೇನೆ" ಎಂದ ವೈದ್ಯ.

"ಹಾಗಾದರೆ ಅವಸರವಿಲ್ಲ" ಎಂದಳು ಹೊನ್ನೂರಮ್ಮ. "ತಂಗಿ ತಿಪ್ಪಕ್ಕನಿಗೆ ಹೇಳಿಕಳಿಸೋಣವೆಂದಿದ್ದೆ. ಬೇಡ, ಕಾಲಿನ ಬಾವು ಇಳಿಯಲಿ. ತಪ್ಪು ನನ್ನದು, ನಾನೇ ಅವಳ ಮನೆಗೆ ಹೋಗಬೇಕು."

ಅಕ್ಕತಂಗಿಯರಿಗೆ ಹದಿನಾಲ್ಕು ವರ್ಷದಿಂದ ಮಾತಿರಲಿಲ್ಲ. ಹೊನ್ನೂರಮ್ಮನ ಗಂಡ ಸತ್ತಾಗ ತಿಪ್ಪಕ್ಕ ಮಣ್ಣಿಗೆ ಬಂದಿರಲಿಲ್ಲ, ಮೂರನೆಯ ದಿನ ಬಂದಳು. "ಇನ್ನು ನನ್ನ ಹೊಸ್ತಿಲು ತುಳಿಯಬೇಡ" ಎಂದು ಹೊನ್ನೂರಮ್ಮ ಹತ್ತು ಜನರೆದುರು ಅಂದುಬಿಟ್ಟಳು. ಮಣ್ಣಾದ ದಿನ ತಿಪ್ಪಕ್ಕನ ಮಗಳು ಹೆರಿಗೆಯಲ್ಲಿ ಸಾಯುವಂತಿದ್ದಳೆಂದು ಅವಳಿಗೆ ಆಮೇಲೆ ತಿಳಿಯಿತು. ತಿಳಿದ ಮೇಲೂ ಬಿಗುಮಾನ ಬಿಡಲಿಲ್ಲ.

ತಾಯಿಯ ಮಾತು ಓಬಯ್ಯನ ಕಿವಿಗೂ ಬಿದ್ದಿತ್ತು. ಈಗ ಚಿಕ್ಕವ್ವನನ್ನು ಕರೆಸಿದರೆ ಅವ್ವನಿಗೆ ಎಲ್ಲ ತಿಳಿದುಹೋಗುತ್ತದೆ ಎಂದುಕೊಂಡು ಸುಮ್ಮನಾದ.

ಎಂಟನೆಯ ದಿನ ಬೆಳಗ್ಗೆ ಸೊಸೆ ಗಂಜಿ ತಂದಾಗ ಹೊನ್ನೂರಮ್ಮನ ಮೈ ತಣ್ಣಗಾಗಿತ್ತು. ಉಡಿಸಲು ಸೀರೆ ಹುಡುಕಿದರು. ಅವಳ ಪೆಟ್ಟಿಗೆಯಲ್ಲಿ ಹೊಸ ಬಿಳಿ ಸೀರೆಯೂ ದೇವರ ಭಂಡಾರದ ಅರಿಸಿನದ ಪೊಟ್ಟಣವೂ ಮಡಚಿ ಕಟ್ಟಿಟ್ಟಿದ್ದವು. ತನ್ನ ಕೊನೆಯ ದಿನಕ್ಕೆಂದು ಅವಳೇ ಎಂದೋ ತೆಗೆದಿಟ್ಟಿದ್ದಳು.

ಸುದ್ದಿ ಕೇಳಿ ತಿಪ್ಪಕ್ಕ ಬಂದಳು. ಬಾಗಿಲ ಹೊರಗೇ ನಿಂತಳು. ಓಬಯ್ಯ ಒಳಗೆ ಕರೆದ.

"ನಿಮ್ಮವ್ವ ನನ್ನನ್ನು ಒಳಗೆ ಬಾ ಅಂದಳೇನಪ್ಪ?" ಎಂದು ಕೇಳಿದಳು.

ಹೌದೆಂದರೆ, ಮತ್ತೆ ಯಾಕೆ ಹೇಳಿಕಳಿಸಲಿಲ್ಲ ಎಂದು ಕೇಳುತ್ತಾಳೆ. ಓಬಯ್ಯ ಹೊಸ್ತಿಲ ಕಡೆ ನೋಡಿದ. ತಿಪ್ಪಕ್ಕ ಅವನ ಮುಖ ನೋಡಿದಳು. ಹೆಣ ಹೊರಗೆ ಬರುವ ತನಕ ಅಂಗಳದಲ್ಲೇ ಕುಳಿತಳು.

ಗುರುಗಳು ಕತೆ ನಿಲ್ಲಿಸಿದರು.

"ಪಾಪ" ಎಂದ ಶಿಷ್ಯ. "ಆದರೂ ಒಂದು ಸಮಾಧಾನ, ಗುರುಗಳೇ. ಮುದುಕಿ ಹೆದರದೆ ಹೋದಳಲ್ಲ."

ಗುರುಗಳು ಕೇಳಿದರು: "ಅವಳು ಹೆದರುತ್ತಾಳೆಂದು ನಿನಗೆ ಹೇಳಿದವರು ಯಾರು?"