ನರಿ ದಾಟಿದ ಹಿಮಸೇತುವೆ

ಮಾಗಿ ಚಳಿಯಲ್ಲಿ ಚಮರೀಮೃಗದ ಮೇಲೆ ಕೂತು ಹಿಮಾಲಯದ ಶಿಖರ ಮುಟ್ಟಿ ಬಂದವನು ನಾನು. ಅದನ್ನು ಕಂಡಿದ್ದ ಆ ಚಮರಿಯೂ ಅಲ್ಲಿ ಸಿಕ್ಕಿದ್ದ ಒಂದು ನರಿಯೂ ಈಗ ಬದುಕಿಲ್ಲ. ತುದಿಯ ಹತ್ತಿರ ಆಳದ ಬಿರುಕೊಂದಕ್ಕೆ ಹಿಮವೇ ಸೇತುವೆ ಕಟ್ಟಿತ್ತು. ಆಚೆಯಿಂದ ನರಿ ಕೂಗಿತು: “ಬಾರಣ್ಣ, ಈಗಷ್ಟೇ ನಾನೇ ದಾಟಿದೆ. ಕಲ್ಲಿನ ಹಾಗಿದೆ.”

ಚಮರಿ ಗೊರಸು ಊರಿ ನೋಡಿತು. ಮಧ್ಯಾಹ್ನದ ಬಿಸಿಲಿಗೆ ಹಿಮ ಮೆತ್ತಗಾಗಿತ್ತು. “ನಿನ್ನ ತೂಕಕ್ಕೆ ಕಲ್ಲು. ನನ್ನ ತೂಕಕ್ಕೆ? ಅದಿರಲಿ, ನಾನು ದಾಟಿದರೆ ನಿನಗೇನು ಲಾಭ?”

“ಲಾಭವೆಲ್ಲಿ ಬಂತು? ಸ್ನೇಹ.”

“ಹಾಗಾದರೆ ಈಚೆ ಬಂದು ನನ್ನ ಬೆನ್ನೇರು, ಒಟ್ಟಿಗೇ ದಾಟೋಣ.”

ನರಿ ಪಾದ ನೆಕ್ಕುತ್ತ ಕೂತಿತು. ಚಮರಿ ಅಲ್ಲಿಂದಲೇ ಕೆಳಗಿಳಿಯಿತು.

“ಅದರ ಬೆನ್ನ ಮೇಲಿದ್ದ ನೀವು ಶಿಖರ ಮುಟ್ಟಿದ್ದು ಯಾವಾಗ ಭಾವ?” ಎಂದ ಕತೆ ಕೇಳುತ್ತ ಕೂತಿದ್ದ ಮೈದುನ ಸಣ್ಣಲಿಂಗ.

ನಾನು ಭುಜ ಹಾರಿಸಿದೆ. “ಬದುಕಿ ಬಂದಿದ್ದೇನಲ್ಲ, ಅದನ್ನಾದರೂ ನಂಬು.”